ಜೋಳದ ರೊಟ್ಟಿ ಕೊಡಿಸಿದ ಮನೆ

"ನೀವ್ ಯಾವ್ ಜನ?"

ಅರಸೀಕೆರೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ನನ್ನ ಹೆಸರಿಗಿಂತ ಮೊದಲು ಕೇಳಿದ್ದು ಇದನ್ನು. ಇಲ್ಲಿ ಜನ ಎಂದರೆ ಜಾತಿ. ನಮ್ಮ ಗುಲ್ಬರ್ಗದ ಕಡೆ ಹೀಗೆ ಕೇಳುವುದಿಲ್ಲ. ಯಾವ ಓಣಿ ಎಂದು ಹೇಳಿದ ಮೇಲೆ ಕೇಳುವುದಕ್ಕೇನೂ ಉಳಿಯುವುದಿಲ್ಲ. ನಮ್ಮ ಮನೆತನದಲ್ಲಿ ಮೊದಲ ಪದವಿ ನನ್ನದು, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಕೈಯಲ್ಲಿತ್ತು. ಆದರೂ ಬಾಗಿಲಿನಿಂದ ಬಾಗಿಲಿಗೆ ಅಲೆದೆ.

ಕೊನೆಗೆ ಕೊಬ್ಬರಿ ವ್ಯಾಪಾರಿಯೊಬ್ಬರ ಹೆಂಡತಿ ಗೌರಮ್ಮ ಬೇರೆ ಥರ ಕೇಳಿದರು. "ಗುಲ್ಬರ್ಗದೋರಾ? ಹಿಟ್ಟು ಉಣ್ತೀರಾ?" ಹಿಟ್ಟು ಅಂದರೆ ಇಲ್ಲಿ ರಾಗಿ ಮುದ್ದೆ.

"ಇಲ್ಲರಿ, ಜೋಳದ ರೊಟ್ಟಿ."

"ರೊಟ್ಟಿ ತಿನ್ನೋರು! ಹಂಗಾದ್ರೆ ನಮ್ಮೋರೇ ಬುಡಿ, ಲಿಂಗಾಯತ್ರು," ಎಂದು ಬೀಗದ ಕೈ ಕೊಟ್ಟರು. ನಮ್ಮ ಕೇರಿಯಲ್ಲೂ ಅದೇ ರೊಟ್ಟಿ ಬೇಯುತ್ತದೆ ಎಂಬುದು ಅವರಿಗೆ ಹೊಳೆಯಲಿಲ್ಲ. ನನಗೂ ಅಲೆದು ಸಾಕಾಗಿತ್ತು. ಸುಮ್ಮನಾದೆ.

ಮನೆಯೇನೋ ಒಳ್ಳೆಯದು. ಆದರೆ ಅಲ್ಲಿಗೆ ಅಪ್ಪನನ್ನು ಕರೆಯುವಂತಿರಲಿಲ್ಲ. ಎದುರು ಸಿಕ್ಕವರಿಗೆಲ್ಲ ಕೈಮುಗಿದು ಗಟ್ಟಿಯಾಗಿ "ಜೈ ಭೀಮ್" ಅನ್ನುವ ಮನುಷ್ಯ ಅವನು. "ಮಗಳ ಮನಿ ನೋಡಬೇಕವ್ವಾ," ಅಂತ ಫೋನಿನಲ್ಲಿ ಅಂದಾಗಲೆಲ್ಲ ಪರೀಕ್ಷೆ, ಮಳೆ, ಜ್ವರ ಅಂತ ತಳ್ಳುತ್ತ ಬಂದೆ.

ಒಂದು ಭಾನುವಾರ ಗೌರಮ್ಮನ ಮಗಳು ರೂಪಾ ಇಂಗ್ಲಿಷ್ ಸಿನಿಮಾದ ಸಿ.ಡಿ. ತಂದಳು. ಅಮೆರಿಕದ ಕಪ್ಪು ಜನ ಹಕ್ಕು ಕೇಳಿ ಬೀದಿಗಿಳಿದ ಕಾಲದ ಕಥೆ. ಕನ್ನಡದಲ್ಲಿ ಹೇಳುವ ಕೆಲಸ ನನ್ನದು. ಅವರಿಗೆ ನೀರಿನ ನಲ್ಲಿ ಬೇರೆ, ಬಸ್ಸಿನಲ್ಲಿ ಸೀಟು ಬೇರೆ. ಕೇಳಿದವರ ಮೇಲೆ ನಾಯಿ ಛೂ ಬಿಟ್ಟರು.

ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಅಯ್ಯೋ, ನೀರಿಗೂ ಹಿಂಗಾ! ಯಾವ್ ಜನ ಅಂತ ಹೇಳ್ದೆ ಸುಮ್ಕಿದ್ರೆ ಆಯ್ತಿರ್ಲಿಲ್ವಾ?"

"ಮೈಬಣ್ಣ ಕಣಮ್ಮಾ! ಪೌಡ್ರು ಬಳ್ಕೊಂಡು ಓಡಾಡಕ್ಕಾಯ್ತದಾ?" ರೂಪಾ ನಕ್ಕಳು.

ನನಗೆ ನಗು ಬರಲಿಲ್ಲ. "ಹೇಳದೆ ಸುಮ್ಮನಿದ್ದರೂ ಸುಸ್ತಾಗ್ತದರಿ," ಎಂದೆ. "ನಾವು ಲಿಂಗಾಯತರಲ್ಲ. ಬೌದ್ಧರು. ಊರಾಗ ನಮ್ಮ ಕೇರಿನೇ ಬ್ಯಾರೆ. ನಮ್ಮಪ್ಪ ಇಲ್ಲಿಗೆ ಬರಬೇಕಂತಾನ."

ಟಿ.ವಿ.ಯಲ್ಲಿ ಜನ ಹಾಡುತ್ತ ನಡೆಯುತ್ತಿದ್ದರು. ಗೌರಮ್ಮ ಬಾಗಿಲ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಅಪ್ಪಾರು ಬರ್ಲಿ ಮೇಡಮ್ಮೋರೇ. ನಮ್ ಯಜಮಾನ್ರಿಗೆ ಮಾತ್ರ ಗೊತ್ತಾಗ್ಬಾರ್ದು."

ನನ್ನ ಹೊರೆ ಈಗ ಅವರ ತಲೆಗೂ ಏರಿತ್ತು.

ಮರುದಿನ ಬೂತಿನಿಂದ ಅಪ್ಪನಿಗೆ ಫೋನ್ ಮಾಡಿ ಬಾ ಎಂದೆ.

"ಅಲ್ಲಿ ಮಂದಿ ಹ್ಯಾಂಗ ಅದಾರವ್ವಾ?"

"ಛಲೋ ಅದಾರ." ಮೆಲ್ಲಗೆ ಮಾತಾಡು ಎಂದು ಅವನಿಗೆ ಹೇಳಬೇಕಿತ್ತು. ಹೇಳಲು ಬಾಯಿ ಬರಲಿಲ್ಲ.

ಅಪ್ಪ ಬಂದ. ಜಗಲಿಯಲ್ಲಿ ಕೂತಿದ್ದ ಯಜಮಾನರಿಗೆ ಕೈಮುಗಿದು, ಯಾವತ್ತಿನ ಹಾಗೆ ಗಟ್ಟಿಯಾಗಿಯೇ ಅಂದ. ಅವರು ಅವನನ್ನು ನೋಡಿದರು, ನನ್ನನ್ನು ನೋಡಿದರು, ಎದ್ದು ಒಳಗೆ ಹೋದರು.

ಈಗ ನನ್ನ ಮನೆ ರೈಲ್ವೆ ಗೇಟಿನ ಆಚೆ. ಯಾವ ಜನ ಎಂದು ಹೇಳಿಯೇ ಹಿಡಿದದ್ದು; ಸೂರು ಸೋರುತ್ತದೆ, ಅಪ್ಪ ಬೇಕಾದಾಗ ಬರುತ್ತಾನೆ. ಗುಲ್ಬರ್ಗಕ್ಕೆ ಹೋದರೆ ನನ್ನ ಬಾಯಿ ಹಿಟ್ಟು ಬೇಡುತ್ತದೆ. ಇಲ್ಲಿ ಗೌರಮ್ಮ ಒಮ್ಮೊಮ್ಮೆ ರೂಪಾಳ ಕೈಯಲ್ಲಿ ಹಿಟ್ಟು, ಸೊಪ್ಪಿನ ಸಾರು ಕಳಿಸುತ್ತಾರೆ. ಅದೇ ಡಬ್ಬಿಯಲ್ಲಿ ನಾನು ರೊಟ್ಟಿ ಕಳಿಸುತ್ತೇನೆ. ಆ ಮನೆಯಲ್ಲಿ ಅದನ್ನು ಯಾರಾದರೂ ತಿನ್ನುತ್ತಾರೋ ಇಲ್ಲವೋ, ನಾನು ಕೇಳಿಲ್ಲ.