ಕ್ಯಾಮೆರಾದವರು ಬರೆದಿಟ್ಟ ವಿವರ
ನಮ್ಮೂರಲ್ಲಿ ಮದುವೆಗಳ ವಿಡಿಯೋ ತೆಗೆಯುವ ಕ್ಯಾಮೆರಾದವರಿಗೆ ಪ್ರತಿ ಕ್ಲಿಪ್ಪಿಗೂ 'ಮೆಟಾಡೇಟಾ' ಎಂಬ ವಿವರ ಬರೆದು ಸೇರಿಸದಿದ್ದರೆ ತಿಂದದ್ದು ಅರಗುವುದಿಲ್ಲ. ಯಾರಿದ್ದಾರೆ, ಚೆನ್ನಾಗಿ ಬಂತೋ ಇಲ್ಲವೋ, ಎಲ್ಲವನ್ನೂ ಕ್ಯಾಮೆರಾದೊಳಗೇ ಬರೆದಿಡುತ್ತಾರೆ. ಮದುಮಗಳು ಬಿಕ್ಕಿ ಬಿಕ್ಕಿ ಅಳುತ್ತಿದ್ದರೂ ಸರಿ, ಅವಳನ್ನು ತಬ್ಬಿಕೊಂಡ ಸೋದರಮಾವನ ಹೆಸರು ಕೇಳಿಕೊಂಡೇ ಮುಂದಿನ ಹೆಜ್ಜೆ. ಯಾರಾದರೂ ನಕ್ಕರೆ, "ಮೆಟಾಡೇಟಾ ಇಲ್ಲದ ಕ್ಲಿಪ್ಪು ಹೆಸರಿಡದ ಕೂಸು ಕಣ್ರೀ! ಆಮೇಲೆ ಏನಂತ ಕೂಗ್ತೀರಿ?" ಎನ್ನುತ್ತಾರೆ. ಪಕ್ಕದಲ್ಲಿ ವಿಡಿಯೋ ದೀಪ ಎತ್ತಿ ಹಿಡಿದು ನಿಂತ ಹೆಂಡತಿ, "ನಿಮ್ಮ ಕನ್ನಡಕಕ್ಕೂ ಒಂದು ಬರೆದಿಡಿ, ದಿನಾ ನಾನೇ ಹುಡುಕ್ಬೇಕು" ಎಂದು ಕುಟುಕುತ್ತಾಳೆ. ಮೊನ್ನೆ ಮಗಳು ಫೋನು ಮಾಡಿ, "ಅಪ್ಪಾ, ಅಮ್ಮ ಕೆಲಸ ಮಾಡ್ತಿರೋ ವಿಡಿಯೋ ಒಂದು ಕಳ್ಸು, ಮಕ್ಕಳಿಗೆ ತೋರಿಸ್ಬೇಕು" ಎಂದಳು. "ಕಣ್ಣು ಮಿಟುಕಿಸೋದ್ರೊಳಗೆ ತೆಗೀತೀನಿ" ಎಂದು ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಂಪ್ಯೂಟರಿನಲ್ಲಿ ಅವಳ ಹೆಸರು ಹಾಕಿ ಹುಡುಕಿದರು. ಒಂದೂ ಬರಲಿಲ್ಲ. ಆಮೇಲೆ ಮೆಲ್ಲಗೆ, ಕೆಟ್ಟ ಕ್ಲಿಪ್ಪುಗಳಿಗೆ ತಾವು ಬರೆಯುವ 'ಅಡ್ಡ ಬಂತು, ಬೇಡ' ಎಂದು ಹಾಕಿದರು. ಪರದೆಯ ತುಂಬ ಅವಳೇ! ಒಂದೊಂದು ಮದುವೆಯಲ್ಲೂ ಅಂಚಿನಲ್ಲಿ ಬೆವರುತ್ತ, ದೀಪ ಎತ್ತಿ ನಿಂತಿದ್ದಾಳೆ. ಕೆಳಗೆ ಅದೇ ಬರಹ. ಮುಖವೆತ್ತಲಾರದೆ ಕ್ಯಾಮೆರಾದವರು ಪರದೆಗೆ ಅಂಗೈ ಅಡ್ಡ ಹಿಡಿದರು. "ಕೈ ತೆಗೀರಿ," ಎಂದು ಅವಳು ಮುಂದೆ ಬಾಗಿದಳು, "ಆ ಮದುಮಗಳ ಮುಖಕ್ಕೆ ಬೆಳಕು ಸರಿಯಾಗಿ ಬಿದ್ದಿದ್ಯಾ ನೋಡೋಣ."