ದೊಡ್ಡವ್ವನ ನಲ್ಲಿಯಲ್ಲಿ ಬಂದ ನೀಲಿ

ಎಲೆಯಡಿಕೆಯ ಉಂಡೆ ಎಡಗೆನ್ನೆಯಿಂದ ಬಲಗೆನ್ನೆಗೆ ದಾಟಿತೆಂದರೆ ದೊಡ್ಡವ್ವ ಮಾತಿಗೆ ಸಿದ್ಧಳಾದಳು ಎಂದರ್ಥ. ಎಡಗಡೆ ಇರುವಷ್ಟು ಹೊತ್ತು ಅವಳು ಕೇಳಿಸಿಕೊಳ್ಳುತ್ತಿದ್ದಳು. ಎದುರಿನವರು ಎಷ್ಟು ಬೇಕಾದರೂ ಮಾತಾಡಲಿ, ಕಣ್ಣು ಅರೆಮುಚ್ಚಿ, ತುಟಿಯಂಚಿನ ಕೆಂಪನ್ನು ಸೆರಗಿನ ತುದಿಯಿಂದ ಒತ್ತಿಕೊಳ್ಳುತ್ತಾ ಜಗಲಿಯ ಕಂಬಕ್ಕೆ ಒರಗಿರುತ್ತಿದ್ದಳು. ಆಮೇಲೆ ಉಂಡೆ ದಾಟುತ್ತಿತ್ತು. ಒಂದೇ ಪ್ರಶ್ನೆ ಬರುತ್ತಿತ್ತು. ಆ ಪ್ರಶ್ನೆಗೆ ಉತ್ತರ ಹೊಂದಿಸಲಾಗದೆ ಎಷ್ಟೋ ಜನ ಚಪ್ಪಲಿ ಹುಡುಕಿಕೊಂಡು ಎದ್ದು ಹೋಗಿದ್ದನ್ನು ನಾನು ನೋಡಿದ್ದೇನೆ.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ದೊಡ್ಡಪ್ಪ ಇರಲಿಲ್ಲ. ನಂಜನಗೂಡಿನಿಂದ ನರಸೀಪುರದ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಮೈಸೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುತ್ತಿದ್ದವರು ನನಗೆ ವಾದ ಕಟ್ಟುವುದನ್ನು ಕಲಿಸಿದರು, ನಿಜ. ಆದರೆ ಕಟ್ಟಿದ ವಾದದ ಯಾವ ಇಟ್ಟಿಗೆ ಎಳೆದರೆ ಗೋಡೆ ಕುಸಿಯುತ್ತದೆ ಎನ್ನುವುದನ್ನು ನಾನು ಕಲಿತದ್ದು ಆ ಜಗಲಿಯ ಮೇಲೆ.

ಅವಳಿಗೊಂದು ಚಾಳಿಯಿತ್ತು. ಯಾರದಾದರೂ ಮದುವೆಗೆ ಹೋಗಿ ಬಂದವರನ್ನು ಹಿಡಿದು ಕೂರಿಸಿಕೊಂಡರೆ, ಯಾರ್ಯಾರು ಬಂದಿದ್ದರು ಎಂದು ಕೇಳುತ್ತಲೇ ಇರಲಿಲ್ಲ. "ಬಂದೋರ್ನ ಬುಡು. ಬರ್ದೆ ಇದ್ದೋರು ಯಾರು?" ಬರದವರಿಂದಲೇ ಊರಿನ ಜಗಳ, ಮುನಿಸು, ಸಾಲ, ಕಾಯಿಲೆ ಎಲ್ಲ ತಿಳಿದುಬಿಡುತ್ತಿತ್ತು ಅವಳಿಗೆ. ನಾನಿದನ್ನು ಹೊಟ್ಟೆಕಿಚ್ಚಿನ ಪ್ರಶ್ನೆ ಎಂದುಕೊಂಡಿದ್ದೆ. ಒಂದು ಬೇಸಿಗೆ ರಜೆಯಲ್ಲಿ ಅದು ಬೇರೆಯೇ ಕೆಲಸಕ್ಕೆ ಬಂತು.

ಆ ರಜೆಗೆ ನಾನು ಊರಿಗೆ ಬರುವಷ್ಟರಲ್ಲಿ ಊರಿಗೆ ಕಾಮಾಲೆ ಬಂದಿತ್ತು. ಮೊದಲು ಕಣ್ಣು ಹಳದಿಯಾದದ್ದು ಕಾಲೋನಿಯ ಪುಟ್ಟತಾಯಿಗೆ. ನಮ್ಮ ಕಡೆ ಅದನ್ನು ಬರೀ ಕಾಲೋನಿ ಅನ್ನುತ್ತೇವೆ. ಯಾರ ಕಾಲೋನಿ ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತು. ಪುಟ್ಟತಾಯಿ ದೊಡ್ಡವ್ವನ ಹೊಲಕ್ಕೂ ಮನೆಗೂ ಕೆಲಸಕ್ಕೆ ಬರುತ್ತಿದ್ದವಳು, ಎರಡು ಹಸು ಸಾಕಿ ಡೈರಿಗೆ ಹಾಲು ಹಾಕುತ್ತಿದ್ದವಳು. ಅವಳ ಹಿಂದೆಯೇ ನಮ್ಮ ಬೀದಿಯ ಮಕ್ಕಳು ಒಬ್ಬೊಬ್ಬರಾಗಿ ವಾಂತಿ, ಜ್ವರ ಎಂದು ಮಲಗಿದರು. ಅಷ್ಟು ಸಾಕಾಯಿತು. ಕಾಯಿಲೆ ಕಾಲೋನಿಯಿಂದ ಹಾಲಿನಲ್ಲಿ ಬಂತು ಎಂದು ಡೈರಿಯ ಮುಂದೆ ತೀರ್ಮಾನವಾಯಿತು. ಪುಟ್ಟತಾಯಿ ಮಲಗಿದ್ದಳು, ಹಾಲು ಕರೆದು ತರುತ್ತಿದ್ದವನು ಅವಳ ಗಂಡ, ಆದರೂ ಬೇಡವೆಂದರು. ಎರಡೇ ದಿನದಲ್ಲಿ ಆ ಬೀದಿಯ ಯಾರ ಹಾಲೂ ಬೇಡ ಎಂದಾಯಿತು. ಕ್ಯಾನು ಹಿಡಿದು ಬಂದವರು ಹಾಗೇ ಹಿಂದಕ್ಕೆ ಹೋಗುತ್ತಿದ್ದರು. ಬೆಳಿಗ್ಗೆ ಸಂಜೆ ಹಾಲು ಹಾಕಿಯೇ ಸಂಸಾರ ನಡೆಸುವ ಮನೆಗಳವು.

ನಾನು ಜಗಲಿಗೆ ಬಂದು ಭಾಷಣ ಶುರುಮಾಡಿದೆ. ಇದು ಅನ್ಯಾಯ, ಇದು ಪೂರ್ವಗ್ರಹ, ಇತ್ಯಾದಿ. ದೊಡ್ಡವ್ವ ಎಡಗೆನ್ನೆಯಲ್ಲೇ ಉಂಡೆ ಇಟ್ಟುಕೊಂಡು ಕೇಳಿದಳು.

"ಆಯ್ತಾ?" ಅಂದಳು. ಉಂಡೆ ದಾಟಿತು. "ಅನ್ಯಾಯ ಅನ್ನದು ಆಮೇಲೆ ಮಡಿಕ್ಕೊ ಅಮ್ಮಿ. ಸುಳ್ಳೋ ನಿಜವೋ, ಅದ ಯೋಳು. ಹಾಲ್ನ ಈ ಊರಲ್ಲಿ ಕಾಯಿಸ್ದೆ ಯಾರು ಕುಡಿತಾರೆ?"

"ಯಾರೂ ಇಲ್ಲ."

"ಕಾಮಾಲೆ ಹುಳ ಉಕ್ಕೋ ಹಾಲಲ್ಲಿ ಈಜಾಡ್ತದಾ?"

"ಹುಳ ಅಲ್ಲ ದೊಡ್ಡವ್ವ, ವೈರಸ್ಸು."

"ನಿನ್ನ ವೈರಸ್ಸೇ ಆಗ್ಲಿ. ಈಜ್ತದಾ?"

ಈಜುವುದಿಲ್ಲ. ಆದರೆ ಒಪ್ಪಿಕೊಂಡುಬಿಟ್ಟರೆ ನಾನು ಚರ್ಚಾಪಟು ಹೇಗಾದೇನು? ಹಾಗಾದರೆ ನೀನು ಮಕ್ಕಳಿಗೆಲ್ಲ ಯಾವುದೋ ಸೊಪ್ಪಿನ ರಸ ಕುಡಿಸುತ್ತಿರುವುದು ಸರಿಯೇ ಎಂದು ತಿರುಗಿಬಿದ್ದೆ. ಈ ಕಾಮಾಲೆ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ನಿನ್ನ ಸೊಪ್ಪಿಗೆ ಬರುತ್ತಿದೆ ಎಂದೆ.

"ನಿಮ್ಮ ಡಾಕ್ಟ್ರು ಏನ್ ಕೊಟ್ರು? ರೆಸ್ಟ್ ತಗೊ ಅಂದ್ರು. ಅದ್ಕೆ ಚೀಟಿ ಬೇರೆ. ನನ್ನ ಸೊಪ್ಪು ಸುಮ್ನೆ ತಾನೆ ಕೊಡ್ತಿರದು, ನಿಂಗ್ಯಾಕೆ ಹೊಟ್ಟೆ ಉರಿ?"

ಆ ವಾದ ನಮ್ಮಿಬ್ಬರಲ್ಲಿ ಕೊನೆಯವರೆಗೂ ಇತ್ಯರ್ಥವಾಗಲಿಲ್ಲ. ಇವತ್ತಿಗೂ ನನ್ನ ಮಾತೇ ಸರಿ ಎಂದು ನಂಬಿದ್ದೇನೆ.

ಮಾರನೆಯ ದಿನ ಅವಳೇ ಕೇಳಿದಳು: "ಬಂದೋರ್ನ ಬುಡು. ಯಾರ್ಗೆ ಬರ್ನಿಲ್ಲ?"

ಇಬ್ಬರೂ ಕೂತು ಬಾಯಲ್ಲೇ ಬೀದಿ ಸುತ್ತಿದೆವು. ಪುಟ್ಟತಾಯಿಯೊಬ್ಬಳನ್ನು ಬಿಟ್ಟರೆ ಕಾಲೋನಿಯಲ್ಲಿ ಒಬ್ಬರಿಗೂ ಇಲ್ಲ. ಅಲ್ಲಿಂದ ಶುರುವಾಗಿದ್ದರೆ ಅಲ್ಲೇ ಹೆಚ್ಚಬೇಕಿತ್ತಲ್ಲ? ನಮ್ಮ ಬೀದಿಯ ಮುದುಕರಿಗೆ ಇಲ್ಲ. ದೊಡ್ಡವ್ವನಿಗೆ ಇಲ್ಲ. ಪಕ್ಕದ ಮನೆಯ ಶುಗರ್ ಇರುವ ಮಾವನಿಗೆ ಇಲ್ಲ. ನನಗಿಲ್ಲ, ಏಕೆಂದರೆ ನಾನು ಊರಲ್ಲೇ ಇರಲಿಲ್ಲ.

"ನೀರಿರ್ಬೋದು" ಎಂದೆ.

"ಕುಡಿಯೋ ನೀರು ಎಲ್ಲಾರ್ದೂ ಒಂದೇ ಕಣಮ್ಮಿ. ಫಿಲ್ಟರ್ದು."

ಅದೂ ಸರಿ. ಪಂಚಾಯಿತಿಯ ಶುದ್ಧ ನೀರಿನ ಘಟಕ ಬಂದ ಮೇಲೆ ಮೇಲಿನ ಬೀದಿ, ಕಾಲೋನಿ ಎನ್ನದೆ ಎಲ್ಲರೂ ಅಲ್ಲಿಂದಲೇ ಕ್ಯಾನಿನಲ್ಲಿ ತರುತ್ತಿದ್ದರು. ನಲ್ಲಿ ನೀರು ಪಾತ್ರೆಗೆ, ಬಟ್ಟೆಗೆ, ಸ್ನಾನಕ್ಕೆ.

ಮೂರನೆಯ ದಿನ ನಾನು ಆಸ್ಪತ್ರೆಯ ಡಾಕ್ಟರನ್ನು ಹಿಡಿದುಕೊಂಡು ಪ್ರಶ್ನೆಗಳ ಮಳೆ ಸುರಿಸಿದೆ. ಪಾಪ, ಆಕೆ ಊಟಕ್ಕೆ ಹೊರಟಿದ್ದವರು. ವಯಸ್ಸಾದವರಿಗೆ ಚಿಕ್ಕಂದಿನಲ್ಲೇ ಒಮ್ಮೆ ಬಂದು ಹೋಗಿರುತ್ತದೆ, ಅದಕ್ಕೇ ಅವರಿಗೆ ಬರುವುದು ಕಡಿಮೆ ಎಂದರು. ಜೊತೆಗೇ ಇನ್ನೊಂದು ಮಾತು: "ನಿನ್ನೆ ಮೊನ್ನೆ ಏನು ತಿಂದ್ರಿ ಅಂತ ಹುಡುಕಬೇಡಿ. ಮೈಗೆ ಸೇರಿ ಕಣ್ಣು ಹಳದಿಯಾಗೋಕೆ ಸುಮಾರು ಒಂದು ತಿಂಗಳು ಹಿಡಿಯುತ್ತೆ."

ಅದನ್ನು ಬಂದು ದೊಡ್ಡವ್ವನಿಗೆ ಹೇಳಿದೆ. "ನಾವೆಲ್ಲ ಹೋದ ವಾರದ ಹಾಲಿನ ಹಿಂದೆ ಬಿದ್ದಿದ್ದೀವಿ. ಹೋದ ತಿಂಗಳು ಏನಾಗಿತ್ತು ಊರಲ್ಲಿ?"

ಉಂಡೆ ಎಡದಿಂದ ಹೊರಟಿತು. ಬಲಕ್ಕೆ ತಲುಪಲಿಲ್ಲ. ನಡುವೆಯೇ ನಿಂತಿತು.

"ರಾಮನವಮಿ" ಅಂದಳು.

ದೊಡ್ಡಪ್ಪನ ಹೆಸರಿನಲ್ಲಿ ರಾಮಮಂದಿರದ ಮುಂದೆ ನಮ್ಮ ಬೀದಿಯವರಿಗೆಲ್ಲ ಪಾನಕ ಕೊಡುವುದು ಅವಳ ಸೇವೆ. ಬೆಲ್ಲ ಕುಟ್ಟುವುದರಿಂದ ಹಿಡಿದು ಏಲಕ್ಕಿ ಉದುರಿಸುವವರೆಗೆ ಎಲ್ಲ ಅವಳ ಕೈಯಿಂದಲೇ. ಶುಗರ್ ಇದ್ದುದರಿಂದ ತಾನು ಮಾತ್ರ ಒಂದು ಹನಿ ಬಾಯಿಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

"ಯಾವ ನೀರು ಹಾಕಿದ್ದೆ?" ಕೇಳಿದೆ.

ಫಿಲ್ಟರ್ ನೀರು ಎನ್ನುತ್ತಾಳೆಂದು ಕಾದೆ. ಅವಳು ಎದ್ದು ಹೋಗಿ ಅಂಗಳದ ಮೂಲೆಯಲ್ಲಿ ಉಗಿದು, ಬಾಯಿ ಮುಕ್ಕಳಿಸಿ ಬಂದಳು.

"ಫಿಲ್ಟರ್ ಕ್ಯಾನ್ನ ಎಲ್ರೂ ಮುಟ್ಟಿರ್ತಾರೆ. ದೇವ್ರಿಗೆ ಅಂತ ಸ್ನಾನ ಮಾಡ್ಕೊಂಡು, ಮಡಿ ಉಟ್ಕೊಂಡು, ನಮ್ಮ ನಲ್ಲೀಲೇ ಹಿಡ್ದೆ. ಮೋಟ್ರಾಕಿ."

ನಮ್ಮ ಬೀದಿಯಲ್ಲಿ ನೀರು ಬಿಟ್ಟಾಗ ನಲ್ಲಿಗೆ ಮೋಟರ್ ಕೊಟ್ಟು ಎಳೆದುಕೊಳ್ಳದ ಮನೆಯೇ ಇರಲಿಲ್ಲ. ಮೊದಲು ಯಾರೋ ಒಬ್ಬರು ಹಾಕಿದರು, ಅವರ ಪಕ್ಕದವರಿಗೆ ನೀರು ಬರದಾಯಿತು, ಅವರೂ ಹಾಕಿದರು. ಯುಗಾದಿಗೆ ಮೊದಲು ಚರಂಡಿ ಕೆಲಸಕ್ಕೆ ಬಂದ ಜೆಸಿಬಿ ದೊಡ್ಡವ್ವನ ಮನೆಯ ಮುಂದೆ ಪೈಪಿಗೆ ತಗುಲಿತ್ತು. ಸೈಕಲ್ ಟ್ಯೂಬು ಸುತ್ತಿ, ಮಣ್ಣು ಮುಚ್ಚಿ ಹೋಗಿದ್ದರು. ಆ ಜಾಗದ ಮೇಲೆಯೇ ಚರಂಡಿ ನೀರು ನಿಲ್ಲುತ್ತಿತ್ತು. ಮೋಟರ್ ಜೋರಾಗಿ ಎಳೆದರೆ ಪೈಪಿನ ಸೀಳಿನಿಂದ ಅದೂ ಒಳಗೆ ಸೇರಬಹುದು.

ಇಷ್ಟೆಲ್ಲ ಸೇರಿಸಿ ಕತೆ ಕಟ್ಟಬಹುದು. ಆದರೆ ಡೈರಿಯ ಮುಂದಿನವರೂ ಕತೆ ತಾನೆ ಕಟ್ಟಿದ್ದು? ನಮ್ಮದು ಕತೆಯಲ್ಲ ಎನ್ನುವುದಕ್ಕೆ ಪುರಾವೆ ಎಲ್ಲಿ ಎಂದು ನಾನೇ ಕೇಳಿದೆ. ಅವಳು ಒಳಗೆ ಹೋಗಿ ಬಿಳಿ ಬಟ್ಟೆಗೆ ಹಾಕುವ ನೀಲಿಯ ಸೀಸೆ ತಂದು ನನ್ನ ಕೈಗಿಟ್ಟಳು.

"ಇದ್ನ ಚರಂಡಿಗೆ ಸುರಿ. ನಲ್ಲೀಲಿ ಏನ್ ಬತ್ತದೋ ನೋಡ್ವ."

ನೀರು ಬಿಟ್ಟ ದಿನ, ಬೆಳಗಿನ ಬಿಸಿಲಲ್ಲಿ, ಪೈಪಿನ ಮೇಲೆ ನಿಂತಿದ್ದ ಕೊಚ್ಚೆಗೆ ಸೀಸೆ ಪೂರ್ತಿ ಸುರಿದೆ. ಮೊದಲು ಮೋಟರ್ ಹಾಕುವುದು ಬೇಡ ಎಂದು ನಾನು ಹಟ ಹಿಡಿದೆ. ಹಾಕದೆಯೂ ನೋಡಬೇಕು, ಹಾಕಿಯೂ ನೋಡಬೇಕು. ಮೋಟರ್ ಇಲ್ಲದೆ ನಲ್ಲಿಯಲ್ಲಿ ಬೆರಳಷ್ಟು ದಪ್ಪ ನೀರು ಬಂತು. ಸ್ವಚ್ಛವಾಗಿತ್ತು. ಆಮೇಲೆ ಅವಳು ಸ್ವಿಚ್ಚು ಒತ್ತಿದಳು. ಮೋಟರ್ ಗುರುಗುಟ್ಟಿತು, ನೀರು ಧಾರೆಯಾಯಿತು. ಸ್ವಲ್ಪ ಹೊತ್ತು ಏನೂ ಇಲ್ಲ. ನನಗೆ ಒಳಗೊಳಗೇ ನಿರಾಸೆ ಶುರುವಾಗಿತ್ತು. ಆಗ ಸ್ಟೀಲ್ ಚೊಂಬಿನೊಳಗೆ ಬಣ್ಣ ಬಂತು. ಕಡುನೀಲಿಯಲ್ಲ, ಆಗತಾನೇ ಒಗೆದ ಪಂಚೆಯ ಅಂಚಿನಲ್ಲಿ ಉಳಿದುಕೊಳ್ಳುತ್ತದಲ್ಲ, ಅಂಥದು.

ನಾನು ಕುಣಿದಾಡಿಬಿಟ್ಟೆ. ಗೆದ್ದಿದ್ದೆವಲ್ಲ! ಅವಳು ಕುಣಿಯಲಿಲ್ಲ. ಚೊಂಬನ್ನೇ ನೋಡುತ್ತಾ ನಿಂತಿದ್ದಳು.

"ಎಲ್ಲಾರು ಕುಡ್ದ ಮ್ಯಾಲೆ ಕೊಳಗದ ತಳದಲ್ಲಿ ಉಳ್ದಿತ್ತು" ಎಂದಳು. "ಪುಟ್ತಾಯಿ ಕೊಳಗ ತೊಳ್ಯಕೆ ಬಂದಿದ್ಲು. ಅವಳ ಚೊಂಬಿಗೆ ಮ್ಯಾಲಿಂದ ಬಗ್ಗಿಸ್ದೆ. ಇನ್ನೂ ಕುಡಿ, ಇನ್ನೂ ಕುಡಿ ಅಂತ ನಾನೇ ಅಂದೆ. ಎಲ್ರಿಗಿಂತ ಅವಳೇ ಜಾಸ್ತಿ ಕುಡುದ್ಲು."

ಇದೇ ಪೂರ್ತಿ ಕಾರಣ ಎನ್ನಲಾಗುವುದಿಲ್ಲ, ಮುದುಕರಿಗೆ ಬರದಿದ್ದುದಕ್ಕೆ ಡಾಕ್ಟರ್ ಹೇಳಿದ ಕಾರಣವೂ ಇರಬಹುದು, ಚರಂಡಿಗೆ ಆ ವೈರಸ್ಸು ಯಾರ ಮನೆಯ ಪಾಯಿಖಾನೆಯಿಂದ ಬಂತೋ ಹುಡುಕಬೇಕು ಎಂದೆಲ್ಲ ನಾನು ಶುರುಮಾಡಿದೆ. ಅವಳಿಗೆ ಸಿಟ್ಟು ಬಂತು. "ಹುಡುಕ್ತೀಯಾ? ಹುಡುಕಿ ಯಾವ ಮನೆ ಹಾಲು ನಿಲ್ಲುಸ್ತೀಯ ಈ ಸಲ? ಗುಂಡಿ ಇಲ್ದೆ ಚರಂಡಿಗೆ ಬುಟ್ಟಿರೋರು ನಾವೂ ಸೇರಿ ಎಲ್ರೂವೆ. ಸುಮ್ಕಿರು."

ಯಾರಿಂದ ಎಂದು ಕೇಳುವುದು ಒಂದು ಪ್ರಶ್ನೆ, ಹೇಗೆ ಎಂದು ಕೇಳುವುದು ಇನ್ನೊಂದು ಎಂದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಅವತ್ತು ಸಂಜೆ ಡೈರಿಯ ಸಾಲಿನಲ್ಲಿ ಅವಳು ಎರಡು ಪಾತ್ರೆ ಹಿಡಿದು ನಿಂತಳು. ಒಂದರಲ್ಲಿ ಅವಳ ಮನೆಯ ಹಾಲು, ಇನ್ನೊಂದರಲ್ಲಿ ನೀಲಿ ನೀರು. ಪುಟ್ಟತಾಯಿಯ ಗಂಡ ದೂರದಲ್ಲಿ ಕ್ಯಾನು ಇಟ್ಟುಕೊಂಡು ಕೂತಿದ್ದ. ತೆಗೆದುಕೊಳ್ಳುವುದಿಲ್ಲವೆಂದು ಗೊತ್ತಿದ್ದರೂ ದಿನಾ ಬರುತ್ತಿದ್ದ.

"ಇದೇನ್ ಅಮ್ಮಾವ್ರೇ, ನೀಲಿ ಹಾಲು ಕೊಡೋ ಹಸ ತಂದ್ರಾ?" ಹಾಲು ಅಳೆಯುತ್ತಿದ್ದ ಡೈರಿಯ ಸೆಕ್ರೆಟ್ರಿ ನಕ್ಕ.

"ನನ್ನ ನಲ್ಲಿ ನೀರು ಕಣಪ್ಪ. ಚರಂಡಿಗೆ ಹಾಕಿದ್ದು ಮೋಟ್ರಲ್ಲಿ ಬಂತು. ಇದೇ ನೀರಲ್ಲೇ ರಾಮ್ನೋಮಿ ಪಾನಕ ಮಾಡಿದ್ದೆ. ನೀನೂ ಎರಡ್ ಲೋಟ ಕುಡ್ದೆ, ನಿನ್ನ ಮಗನ್ಗೂ ಕುಡುಸ್ದೆ."

ಸಾಲು ಮುರಿದು ಜನ ಸುತ್ತ ಸೇರಿದರು. ಒಬ್ಬರು, ದೇವರ ಪಾನಕಕ್ಕೆ ಹಾಗೆಲ್ಲ ಅನ್ನಬಾರದು ಎಂದರು. ಇನ್ನೊಬ್ಬರು, ನಿಮ್ಮ ಮನೇದು ನೀವೇ ಬಯಲಿಗೆ ಹಾಕ್ಕೊಳ್ಳೋದಾ ಎಂದು ಪಿಸುಗುಟ್ಟಿದರು. ಮತ್ತೊಬ್ಬ, ನಮ್ಮ ಮೋಟರ್ ಕಿತ್ತುಹಾಕಬೇಕಾ ಈಗ ಎಂದು ರೇಗಿದ. ಅವಳ ಕೆನ್ನೆಯಲ್ಲಿ ಅವತ್ತು ಎಲೆಯಡಿಕೆ ಇರಲಿಲ್ಲ. ಬಾಯಿ ಬರಿದಾಗಿದ್ದಾಗ ಅವಳ ಧ್ವನಿ ಅಷ್ಟು ಸಣ್ಣದೆಂದು ನನಗೆ ಗೊತ್ತಿರಲಿಲ್ಲ.

"ಕಾಯಿಲೆ ಪುಟ್ತಾಯಿ ಮನೆಯಿಂದ ನಮ್ಮನೆಗೆ ಬರ್ನಿಲ್ಲ. ನನ್ನ ಮನೆಯಿಂದ ಅವಳ ಮನೆಗೆ ಓಯ್ತು. ಅವಳ ಹಾಲು ಸುರ್ಕೊಳಪ್ಪ. ಇಲ್ದಿದ್ರೆ ನನ್ನ ಹಾಲೂ ಬ್ಯಾಡ. ನಿಲ್ಲುಸದಾದ್ರೆ ನಂದು ಮೊದ್ಲು ನಿಲ್ಲಬೇಕು."

ಸೆಕ್ರೆಟ್ರಿ ಸ್ವಲ್ಪ ಹೊತ್ತು ನೀಲಿ ನೀರನ್ನು ನೋಡಿದ. ಅವನ ಮಗ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ. ಆಮೇಲೆ ದೂರ ಕೂತಿದ್ದವನ ಕಡೆ ತಿರುಗಿ, "ಕ್ಯಾನ್ನ ತತ್ತಾರಯ್ಯ" ಎಂದ.

ಕಾಲೋನಿಯ ಹಾಲು ಮತ್ತೆ ಡೈರಿಗೆ ಬಂತು. ಪೈಪು ಸರಿಹೋಯಿತು. ಮೋಟರುಗಳು ಒಂದಿಷ್ಟು ದಿನ ಮೂಲೆ ಸೇರಿ, ಮತ್ತೆ ಒಂದೊಂದಾಗಿ ಹೊರಗೆ ಬಂದವು. ದೊಡ್ಡವ್ವನದು ಬರಲಿಲ್ಲ. ಅವಳ ನಲ್ಲಿಯಲ್ಲಿ ಅಂದಿನಿಂದ ಬೆರಳಷ್ಟೇ ದಪ್ಪ ನೀರು.

ಮುಂದಿನ ರಾಮನವಮಿಗೆ ಫಿಲ್ಟರ್ ನೀರನ್ನೇ ತರಿಸಿ, ಕುದಿಸಿ, ಆರಿಸಿ ಪಾನಕ ಮಾಡಿದಳು. ಈ ಸಲ ಜನ ಕಡಿಮೆ. ಪುಟ್ಟತಾಯಿಯನ್ನು ಕರೆದು ಮೊದಲ ಲೋಟ ಅವಳ ಕೈಗೆ ಕೊಡಲು ಹೋದಳು. ಪುಟ್ಟತಾಯಿ ಸೆರಗಿನಲ್ಲಿ ಕೈ ಕಟ್ಟಿ ನಿಂತಳು.

"ನೀವು ಮೊದ್ಲು ಕುಡೀರಿ ಅವ್ವಾರೇ."

"ನಂಗೆ ಶುಗರ್ ಕಣೆ! ಸಾಯಿಸ್ಬೇಕು ಅಂತ ಇದ್ದೀಯಾ?"

"ನಂಗೆ ಕುಡ್ಸಿದ್ದು ಮರ್ತೋಯ್ತಾ?"

ದೊಡ್ಡವ್ವ ಒಂದು ಕ್ಷಣ ಅವಳ ಮುಖ ನೋಡಿ, ಗಟ್ಟಿಯಾಗಿ ನಕ್ಕು, ಲೋಟ ಎತ್ತಿ ಅರ್ಧ ಕುಡಿದಳು. ಇನ್ನೊಂದು ಲೋಟ ತುಂಬಿ ಕೈಗೆ ಕೊಟ್ಟಳು. ಮೇಲಿಂದ ಬಗ್ಗಿಸಲಿಲ್ಲ. ಪುಟ್ಟತಾಯಿ ಅದನ್ನು ಅಲ್ಲೇ ನಿಂತು ಕುಡಿದಳು.

ಈಗ ದೊಡ್ಡವ್ವ ಇಲ್ಲ. ಕಾಮಾಲೆಯೂ ಅಲ್ಲ, ಪಾನಕವೂ ಅಲ್ಲ. ವಯಸ್ಸು, ಸಕ್ಕರೆ, ಕೊನೆಗೆ ಕಿಡ್ನಿ. ಅವಳ ತಿಥಿಯ ಊಟಕ್ಕೆ ಊರೆಲ್ಲ ಸೇರಿತ್ತು. ನಾನು ಬಾಗಿಲಲ್ಲಿ ನಿಂತು, ಗೊತ್ತಿಲ್ಲದೆಯೇ, ಯಾರು ಬರಲಿಲ್ಲ ಎಂದು ನೋಡುತ್ತಿದ್ದೆ. ಡೈರಿಯ ಮುಂದೆ ಅವತ್ತು ರೇಗಿದವನ ಮನೆಯವರು ಯಾರೂ ಕಾಣಲಿಲ್ಲ. ಅವಳಿಗೆ ಹೇಳಬೇಕು, ಒಂದು ಗಂಟೆಯ ಮಾತಿಗೆ ಸಾಕಾದ ಸುದ್ದಿ ಎಂದುಕೊಂಡು ಜಗಲಿಯ ಕಡೆ ತಿರುಗಿದೆ. ಕಂಬದ ಬುಡದಲ್ಲಿ ಯಾರೋ ನೀರಿನ ಡ್ರಮ್ಮು ಇಟ್ಟಿದ್ದರು. ಅದರ ಪಕ್ಕದಲ್ಲಿ ಪುಟ್ಟತಾಯಿ ನಿಂತು, ಅಡುಗೆಯವನನ್ನು ತಡೆದು ಕೇಳುತ್ತಿದ್ದಳು:

"ಈ ನೀರ್ನ ಎಲ್ಲಿಂದ ಹಿಡ್ಕೊಂಡ್ ಬಂದ್ಯಪ್ಪ? ಮೊದ್ಲು ಅದ ಯೋಳು."