ಗಡಿಗೆ ಹೋಗಿ ಬಂದ ಇದ್ದಿಲು

ನಮ್ಮ ಗಲ್ಲಿಯ ಸೈನಿಕನ ಸಾವಿಗೆ ಎರಡು ದೇಶಗಳ ಅಧಿಕಾರಸ್ಥರು ಹೊಣೆಗಾರರು. ಗಡಿ ಎಲ್ಲಿದೆಯೆಂದು ಕೂಡಿ ಕುಳಿತು ತೀರ್ಮಾನಿಸುವ ಕೆಲಸ ಅವರದಾಗಿತ್ತು. ತೀರ್ಮಾನವಾಗದೆ ಉಳಿದರೇ ತಮಗೆ ಅನುಕೂಲವೆಂದು ಕಂಡುಕೊಂಡು ಅವರು ಆ ಕೆಲಸ ಮಾಡಲಿಲ್ಲ. ಇಷ್ಟನ್ನು ಬರೆಯಲು ನನಗೂ ಇಷ್ಟು ಕಾಲ ಹಿಡಿಯಿತು...

ಹೋದ ವಾರ ಬಳ್ಳಾರಿಯ ಬಸ್ ನಿಲ್ದಾಣದ ಬಳಿ, ಹೊಸ ಜೀನ್ಸ್ ಪ್ಯಾಂಟುಗಳ ಗಂಟು ಹೇರಿಕೊಂಡ ಆಟೋವೊಂದು ನನ್ನ ಪಕ್ಕದಲ್ಲೇ ನಿಂತಿತು. ಒಗೆಯದ ನೀಲಿ ಬಟ್ಟೆಯ ಆ ಕಟುವಾಸನೆ ಮೂಗಿಗೆ ಬಡಿದದ್ದೇ ತಡ, ಎದುರು ಮನೆಯ ದೊಡ್ಡವ್ವ ಕಣ್ಣ ಮುಂದೆ ಬಂದಳು.

ಆಕೆ ನಮಗೆ ನೆಂಟಳಲ್ಲ, ಗಲ್ಲಿಗೆಲ್ಲ ದೊಡ್ಡವ್ವ. ತವರು ಸಿರುಗುಪ್ಪದ ಆಚೆಯ ಹಳ್ಳಿ, ಕೊಟ್ಟದ್ದು ಕುರುಗೋಡಿಗೆ. ಗಂಡ ತೀರಿಕೊಂಡ ಮೇಲೆ ಮಗ, ಮಗಳೊಂದಿಗೆ ಬಳ್ಳಾರಿಗೆ ಬಂದವಳು. ಹೊಲಿದು ಬಂದ ಪ್ಯಾಂಟುಗಳ ಹೆಚ್ಚುವರಿ ದಾರ ಕತ್ತರಿಸುತ್ತ ಬಾಗಿಲ ಕಟ್ಟೆಯ ಮೇಲೆ ಕೂರುತ್ತಿದ್ದಳು. ಬೆರಳ ತುದಿಗಳು ಸದಾ ನೀಲಿ. ಮಗ ಸೈನ್ಯಕ್ಕೆ ಸೇರಿ, ಉತ್ತರದ ಹಿಮದ ಗಡಿಯಲ್ಲಿದ್ದ.

ದಾರ ಕತ್ತರಿಸುವಾಗ ಆಕೆ ತವರಿನ ಸುದ್ದಿ ಹೇಳುತ್ತಿದ್ದಳು. ಆಕೆಯ ಅಪ್ಪನಿಗೂ ಪಕ್ಕದ ಹೊಲದವರಿಗೂ ಬದುವಿನ ಜಗಳ. "ನಮ್ಮಪ್ಪ ಕನ್ನಡದಾಗ ಬೈತಿದ್ದ, ಅವ್ರು ತೆಲುಗಿನ್ಯಾಗ ಬೈತಿದ್ರು. ಬೈಗುಳ ಮಾತ್ರ ಇಬ್ಬರಿಗೂ ಛಲೋತ್ನಾಗೆ ತಿಳೀತಿದ್ವು" ಎಂದು ನಗುತ್ತಿದ್ದಳು. ಕಡೆಗೆ ಹಿರಿಯರು ಇಬ್ಬರನ್ನೂ ಕರೆದು, ಆ ಬದುವಿನ ಉದ್ದಕ್ಕೂ ಒಟ್ಟಿಗೆ ನಡೆಸಿದರು. ಇಬ್ಬರೂ ಒಪ್ಪಿದ ಜಾಗದಲ್ಲಿ ಗುಂಡಿ ತೋಡಿ, ಇದ್ದಿಲು ಸುರಿದು, ಅದರ ಮೇಲೆ ಕಲ್ಲು ನೆಟ್ಟರು. ಇದ್ದಿಲು ಮಣ್ಣಲ್ಲಿ ಕೊಳೆಯುವುದಿಲ್ಲ. ನಾಳೆ ಯಾರಾದರೂ ಕಲ್ಲು ಸರಿಸಿದರೂ ನೆಲದೊಳಗಿನ ಕಪ್ಪು ನಿಜ ಹೇಳುತ್ತದೆ. ಆಮೇಲೆ ಅದೇ ಬದುವಿನ ಮೇಲೆ ಎರಡೂ ಮನೆಯವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿಂದರಂತೆ.

ಮಗ ಕೊನೆಯ ಬಾರಿ ರಜೆ ಮುಗಿಸಿ ಹೊರಟಾಗ ನಾನು ಅಲ್ಲಿದ್ದೆ. ಜೀನ್ಸ್ ಬಟ್ಟೆಯ ಚೂರಿನಲ್ಲಿ ಒಂದು ಹಿಡಿ ಇದ್ದಿಲು ಕಟ್ಟಿ, ಶೇಂಗಾ ಹೋಳಿಗೆಯ ಡಬ್ಬಿಯ ಪಕ್ಕ ಆಕೆ ಅವನ ಟ್ರಂಕಿನಲ್ಲಿ ಇಟ್ಟಳು.

"ಇದೇನ್ಬೇ ಯವ್ವಾ? ಅಲ್ಲಿ ಇಸ್ತ್ರಿ ಪೆಟ್ಟಿಗಿಗೆ ಇದ್ದಿಲು ಸಿಗಂಗಿಲ್ಲ ಅನ್ಕಂಡಿಯೇನು?"

"ನಗಬ್ಯಾಡಲೇ. ನಿಮ್ಮ ದೊಡ್ಡ ಸಾಹೇಬ್ರು, ಅವರ ದೊಡ್ಡ ಸಾಹೇಬ್ರು ಕೂಡಿ ನಡದು ಕಲ್ಲು ಇಡ್ತಾರಲ್ಲ, ಅವತ್ತು ತಳಕ್ಕ ಹಾಕು."

ಅವನ ನಗು ಕರಗಿತು. "ಅಲ್ಲಿ ಕೂಡಿ ನಡೆಯಂಗಿಲ್ಲಬೇ. ನಾವು ನಡದು ಬರ್ತೀವಿ, ಆಮ್ಯಾಲ ಅವರು ನಡದು ಹೋಗ್ತಾರ. ಇಬ್ಬರೂ ಎದರಾಬದರ ಬಂದ ದಿನ ಜಗಳ." ಹಾಗೆಂದರೂ ಅವನು ಆ ಗಂಟನ್ನು ಹೊರಗೆ ತೆಗೆಯಲಿಲ್ಲ.

ಎದುರಾಬದುರಾದ ಅಂಥದೊಂದು ದಿನವೇ ಅವನು ಸತ್ತ.

ಮನೆಗೆ ನಾಯಕರು ಬಂದರು. ಗಲ್ಲಿಯ ತುಂಬ ಫ್ಲೆಕ್ಸ್, ಘೋಷಣೆ. ದೊಡ್ಡವ್ವ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಸಾಹೇಬ್ರ, ಆ ಬದು ಯಾರು ನಡದು ನೋಡ್ಯಾರ್ರಿ?"

"ಒಂದು ಅಂಗುಲ ಜಾಗಾನೂ ಬಿಡಂಗಿಲ್ಲಮ್ಮ. ನಿನ್ನ ಮಗನ ಹೆಸರು ಸರ್ಕಲ್ಲಿಗೆ ಇಡ್ತೀವಿ" ಎಂದರು ಅವರು.

ಚಪ್ಪಾಳೆ ಬಿತ್ತು. ಅದರಲ್ಲಿ ನನ್ನದೂ ಇತ್ತು.

"ಸರ್ಕಲ್ ನಾ ಕೇಳಿಲ್ರಿ. ಬದು ನಡದು ಕಲ್ಲು ಯಾವಾಗ ಇಡ್ತೀರಿ ಅಂತ ಕೇಳೀನಿ."

ಅಷ್ಟರಲ್ಲಿ ಅವರು ವಾಹನದತ್ತ ತಿರುಗಿದ್ದರು. ಕೆಲವು ದಿನಗಳ ನಂತರ ಮಗನ ಟ್ರಂಕು ಬಂತು. ಬಟ್ಟೆಗಳ ಅಡಿಯಲ್ಲಿ ಇದ್ದಿಲಿನ ಗಂಟು, ಆಕೆ ಕಟ್ಟಿದ್ದನ್ನು ಬಿಚ್ಚದ ಹಾಗೆಯೇ...

ಆಗ ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. "ನೀನಾರ ಹೇಳು, ಯಾಕ ಕಲ್ಲು ಇಡವಲ್ರು? ಓದಾಕತ್ತಿಯಲ್ಲ" ಎಂದಳು ದೊಡ್ಡವ್ವ. ನಾನು ಹೇಳಿದೆ. ಪರದೇಶದ ದೊರೆಗಳು ಆ ಬೆಟ್ಟಗಳನ್ನು ಹತ್ತದೆಯೇ ಕಾಗದದ ಮೇಲೆ ಗೆರೆ ಎಳೆದದ್ದು, ತಮ್ಮ ಅಗತ್ಯ ಬದಲಾದಂತೆ ಗೆರೆಯನ್ನೂ ಬದಲಿಸಿದ್ದು. ಅವರು ಹೊರಟುಹೋದ ಮೇಲೆ ಒಂದೊಂದು ದೇಶ ತನಗೆ ಹಿಡಿಸಿದ ಗೆರೆಯನ್ನೇ ಮಕ್ಕಳ ಪಠ್ಯದಲ್ಲಿ ಅಚ್ಚುಹಾಕಿದ್ದು. ಹಾಗೆ ಅಚ್ಚಾದ ಮೇಲೆ ರಾಜಿಗೆ ಒಪ್ಪಿದ ನಾಯಕ ಇಲ್ಲಿ ಚುನಾವಣೆ ಸೋಲುತ್ತಾನೆ, ಅಲ್ಲಿ ಪಕ್ಷದೊಳಗೆ ಕುರ್ಚಿ ಕಳೆದುಕೊಳ್ಳುತ್ತಾನೆ. ಬೆಲೆಗಳು ಏರಿದಾಗ, ಕೆಲಸವಿಲ್ಲದ ಯುವಕರು ಗೊಣಗತೊಡಗಿದಾಗ, ಗಡಿಯ ಸುದ್ದಿ ಎರಡೂ ಕಡೆಯ ಸರ್ಕಾರಗಳಿಗೆ ಆಸರೆಯಾಗುತ್ತದೆ. ಮಾತುಕತೆಗೆ ಕೂರುತ್ತಾರೆ, ಕೈ ಕುಲುಕುತ್ತಾರೆ. ತಮ್ಮ ಗೆರೆ ಎಲ್ಲಿ ತಪ್ಪಿರಬಹುದೆಂದು ಮಾತ್ರ ಯಾರೂ ಬಾಯಿಬಿಡುವುದಿಲ್ಲ.

ಆಕೆಯ ಕೈಯ ಕತ್ತರಿ ನಿಂತಿತ್ತು.

"ಅಂದ್ರ, ಬದು ಎಲ್ಲಿ ಐತಿ ಅಂತ ತಿಳೀಲಾರದಕ್ಕ ಜಗಳ ಅಲ್ಲ. ತಿಳಕಳಾಕ ಯಾರಿಗೂ ಮನಸ್ಸಿಲ್ಲ. ಹೌದಿಲ್ಲೋ?"

"ಹೌದು ದೊಡ್ಡವ್ವ."

"ಮತ್ತ ನನ್ನ ಮಗನ್ನ ಏನು ಕಾಯಾಕ ಕಳಿಸಿದ್ರು?"

ಆಕೆಗೆ ಹೇಳಿದ ಕಾರಣಗಳನ್ನೇ ಅಡಿಟಿಪ್ಪಣಿಗಳೊಂದಿಗೆ ಜೋಡಿಸಿ ನಾನು ಪ್ರಬಂಧ ಬರೆದೆ. ಒಳ್ಳೆಯ ಅಂಕಗಳು ಬಂದವು. ಸುದ್ದಿ ಕೇಳಿ ದೊಡ್ಡವ್ವ ಸಕ್ಕರೆ ತಂದು ನನ್ನ ಬಾಯಿಗೆ ಹಾಕಿದಳು. ಪ್ರಬಂಧ ಯಾವುದರ ಮೇಲೆಂದು ಕೇಳಲಿಲ್ಲ. ಆ ನೀಲಿ ಬೆರಳುಗಳು, ಆ ಸಿಹಿ... ಒಬ್ಬರ ಮಗನ ಸಾವು ನಾಯಕರಿಗೆ ಭಾಷಣವಾಯಿತು, ನನಗೆ ಪದವಿಯಾಯಿತು. ಇವೆರಡರ ನಡುವೆ ಎಷ್ಟು ಅಂತರವಿದೆಯೆಂದು ನಾನು ನನ್ನನ್ನೇ ಕೇಳಿಕೊಳ್ಳುತ್ತಿರುತ್ತೇನೆ.

ಹೋದ ಬೇಸಿಗೆಯಲ್ಲಿ ದೊಡ್ಡವ್ವ ತೀರಿಕೊಂಡಳು. ಕುರುಗೋಡಿನಲ್ಲಿ ಮಣ್ಣಾಯಿತು. ಅಲ್ಲಿಂದ ಹೊರಡುವಾಗ ಮಗಳು ಆ ಗಂಟನ್ನು ನನ್ನ ಕೈಗಿಟ್ಟಳು. "ಅವ್ವ ನಿನಗ ಕೊಡು ಅಂದಿದ್ಲು. ಓದಿದೋರ ಕಡಿ ಇದ್ರ ಯಾರರ ಕೇಳ್ತಾರಂತ."

ಯಾರೂ ಕೇಳಿಲ್ಲ. ಅವನ ಹೆಸರಿನ ಸರ್ಕಲ್ಲಿನಲ್ಲಿ ಈಗ ಬೇರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ್ದಾರೆ. ಹೆಸರಿನ ಫಲಕ ಅದರ ಹಿಂದಿದೆ. ಅವತ್ತು ಆಟೋ ಹೊರಟುಹೋದ ಮೇಲೂ ನೀಲಿಯ ವಾಸನೆ ನನ್ನ ಅಂಗಿಗೆ ಅಂಟಿಕೊಂಡಂತಿತ್ತು. ಮನೆಗೆ ಬಂದು ಗಂಟನ್ನು ಮೇಜಿನ ಮೇಲಿಟ್ಟುಕೊಂಡು ಇದನ್ನು ಬರೆಯಲು ಕೂತೆ.

ಎರಡೂ ದೇಶಗಳ ಸರ್ಕಾರಗಳಲ್ಲಿ ನನ್ನ ವಿನಂತಿ ಇದು. ನಿಮ್ಮ ನಿಮ್ಮ ನಕ್ಷೆಗಳನ್ನು ಒಂದೇ ಮೇಜಿನ ಮೇಲೆ ಬಿಡಿಸಿ, ಅವು ಎಲ್ಲೆಲ್ಲಿ ಹೊಂದುವುದಿಲ್ಲವೆಂದು ನಿಮ್ಮ ಜನರಿಗೆ ತಿಳಿಸಬೇಕು. ಆ ನೆಲವನ್ನು ಎರಡೂ ಕಡೆಯವರು ಒಂದೇ ದಿನ, ಒಟ್ಟಿಗೆ, ಆಯುಧವಿಲ್ಲದೆ ನಡೆದು ನೋಡಬೇಕು. ಇದುವರೆಗೆ ಏಕೆ ನಡೆಯಲಿಲ್ಲವೆಂಬುದಕ್ಕೆ, ಮಕ್ಕಳನ್ನು ಕಳೆದುಕೊಂಡ ಎರಡೂ ಕಡೆಯ ಮನೆಗಳಿಗೆ ಲಿಖಿತ ಉತ್ತರ ಕೊಡಬೇಕು. ಕಲ್ಲು ನೆಡುವ ದಿನ ಗೊತ್ತಾದ ಕೂಡಲೇ ದಯವಿಟ್ಟು ತಿಳಿಸಿ.

ಇದ್ದಿಲು ನನ್ನ ಬಳಿ ಇದೆ.